ಜಾರುವುದನ್ನು ಕಲಿಯಲು ಹೋಗಿದ್ದೆವು

ಟೋಕಿಯೊ
ಫೆಬ್ರವರಿ

ಪ್ರೀತಿಯ ಅಪ್ಪ, ಅಮ್ಮನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾವು ಮೂವರೂ ಕ್ಷೇಮ. ಯಾರ ಕೈಕಾಲೂ ಮುರಿದಿಲ್ಲ. ಇದನ್ನು ಮೊದಲೇ ಬರೆದುಬಿಟ್ಟರೆ ಅಮ್ಮ ನೆಮ್ಮದಿಯಾಗಿ ಮುಂದಕ್ಕೆ ಓದುತ್ತಾಳೆ.

ಮೊನ್ನೆ ನಾವು ಸ್ಕೀಯಿಂಗ್, ಅಂದರೆ ಕಾಲಿಗೆ ಉದ್ದನೆ ಪಟ್ಟಿ ಸಿಕ್ಕಿಸಿಕೊಂಡು ಹಿಮದ ಮೇಲೆ ಜಾರುವುದನ್ನು ಕಲಿತ ಫೋಟೊ ಕಳಿಸಿದ ಮೇಲೆ ಫೋನಿನಲ್ಲಿ ನಿಮ್ಮಿಬ್ಬರ ಪ್ರಶ್ನೆಗಳೂ ಒಟ್ಟಿಗೇ ಬಂದವು. ಈ ವಯಸ್ಸಿನಲ್ಲಿ ನಿನಗೆ ಇದೆಲ್ಲ ಬೇಕಿತ್ತಾ, ಮಗು ಬಿದ್ದು ಕಾಲು ಮುರಿದುಕೊಂಡಿದ್ದರೆ ಏನು ಗತಿ ಅಂತ ಅಮ್ಮ. ರೈಲಿನಲ್ಲಿ ಒಂದೂಕಾಲು ಗಂಟೆ ದೂರದಲ್ಲಿ ಆಳೆತ್ತರ ಹಿಮ ಇದ್ದರೆ ಟೋಕಿಯೊದಲ್ಲಿ ಬಟ್ಟೆ ಒಣಗುವಷ್ಟು ಬಿಸಿಲು ಹೇಗೆ ಅಂತ ಅಪ್ಪ. ಉತ್ತರ ಹೇಳುವಷ್ಟರಲ್ಲಿ ನಮ್ಮೂರಿನ ನೆಟ್‌ವರ್ಕ್ ಎಂದಿನಂತೆ ಕೈಕೊಟ್ಟಿತು. ಅದಕ್ಕೇ ಎಲ್ಲ ಕೂತು ಬರೆಯುತ್ತಿದ್ದೇನೆ.

ಅಪ್ಪನ ಪ್ರಶ್ನೆಗೆ ಉತ್ತರ ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ನಮ್ಮ ಮುಂಗಾರು ಇದ್ದ ಹಾಗೆಯೇ ಇದು, ಅಪ್ಪ. ಅರಬ್ಬಿ ಸಮುದ್ರದಿಂದ ಬಂದ ಮೋಡ ಆಗುಂಬೆಯಲ್ಲಿ ಸುರಿದು ಖಾಲಿಯಾಗುತ್ತದೆ, ಚಳ್ಳಕೆರೆಗೆ ಹೋಗುವಾಗ ಬರೀ ಗಾಳಿ ಉಳಿದಿರುತ್ತದೆ ಅಲ್ವಾ? ಇಲ್ಲಿ ಚಳಿಗಾಲದಲ್ಲಿ ಸೈಬೀರಿಯಾದಿಂದ ಒಣ ಶೀತಗಾಳಿ ಬೀಸುತ್ತದೆ. ಮಧ್ಯದಲ್ಲಿ ಜಪಾನ್ ಸಮುದ್ರ. ಅಲ್ಲಿ ಬೆಚ್ಚಗಿನ ಪ್ರವಾಹ ಇರುವುದರಿಂದ ಗಾಳಿ ನೀರು ಕುಡಿದು ಬರುತ್ತದೆ. ದೇಶದ ನಡುವಿನ ಬೆಟ್ಟಸಾಲಿಗೆ ಬಡಿದಾಗ ಹೊತ್ತ ನೀರನ್ನೆಲ್ಲ ಹಿಮವಾಗಿ ಸುರಿಸುತ್ತದೆ. ಬೆಟ್ಟದ ಈಚೆಗೆ ಇಳಿಯುವಷ್ಟರಲ್ಲಿ ಮತ್ತೆ ಒಣಗಾಳಿ. ಟೋಕಿಯೊ ಇರುವುದು ಈಚೆಗೆ. ನಾವು ಹೋಗಿದ್ದು ಆಚೆಗೆ, ನೀಗಾತಾ ಪ್ರಾಂತ್ಯಕ್ಕೆ. ನಡುವೆ ದೈಶಿಮಿಜು ಅನ್ನುವ 22 ಕಿಲೋಮೀಟರ್ ಉದ್ದದ ಸುರಂಗ. ಅದನ್ನು ಕೊರೆಯುವಾಗ ಬೆಟ್ಟದೊಳಗಿಂದ ವಿಪರೀತ ನೀರು ನುಗ್ಗಿತಂತೆ. ರೈಲ್ವೆಯವರು ಆ ನೀರನ್ನು ಬಾಟಲಿಗೆ ತುಂಬಿ ಮಾರಿದರು. ತೊಂದರೆ ಕೊಟ್ಟ ನೀರಿನಿಂದಲೇ ದುಡ್ಡು ಮಾಡಿಕೊಂಡರು ನೋಡಿ!

ನಾವು ಇಳಿದ ಸ್ಟೇಷನ್ನಿನ ಹೆಸರು ಗಾಲಾ ಯುಜಾವಾ. 1990ರ ಡಿಸೆಂಬರಿನಲ್ಲಿ ಶುರುವಾದದ್ದು. ಸ್ಕೀ ಮಾಡುವವರಿಗಾಗಿಯೇ ಇರುವ ಬುಲೆಟ್ ರೈಲಿನ ಸ್ಟೇಷನ್ ಅದು. ಹಿಮ ಕರಗಿದ ಮೇಲೆ ಮುಂದಿನ ಚಳಿಗಾಲದವರೆಗೆ ಅಲ್ಲಿಗೆ ಪ್ರಯಾಣಿಕರ ರೈಲೇ ಹೋಗುವುದಿಲ್ಲ. ಟಿಕೆಟ್ ಗೇಟು ದಾಟಿದರೆ ಎದುರಿಗೇ ಸ್ಕೀ ಬಾಡಿಗೆ ಕೊಡುವ ಕೌಂಟರು, ಅದರಾಚೆ ಬಟ್ಟೆ ಬದಲಿಸುವ ಕೋಣೆ, ತಂತಿಗೆ ತೂಗಿಕೊಂಡು ಬೆಟ್ಟದ ಮೇಲಕ್ಕೆ ಹೋಗುವ ಪುಟ್ಟ ಡಬ್ಬಿ, ಅದೇ ಗೊಂಡೊಲಾ. ಬೆಳಿಗ್ಗೆ ಚಪಾತಿ ಕಟ್ಟಿಕೊಂಡು ಹೊರಟ ನಮ್ಮಂಥವರೂ ಹತ್ತು ಗಂಟೆಗೆಲ್ಲ ಬೆಟ್ಟದ ಮೇಲಿರಬಹುದು.

ಇನ್ನು ಅಮ್ಮನ ಪ್ರಶ್ನೆಗಳು.

ಚಳಿಗೆ ಏನು ಹಾಕಿಕೊಂಡಿರಿ ಅಂತ ಕೇಳಿದ್ದೆ. ಹತ್ತಿ ಬಟ್ಟೆ ಮಾತ್ರ ಮೈಗೆ ತಾಗಿಸಬಾರದು ಅಂತಾರೆ ಇಲ್ಲಿ. ಬೆವರಿದರೆ ಅದು ಒದ್ದೆಯಾಗಿ ಮೈಗೆ ಅಂಟಿಕೊಂಡೇ ಇರುತ್ತದೆ, ಚಳಿ ಹಿಡಿಯುವುದು ಅದರಿಂದಲೇ. ಒಳಗೆ ತೆಳುವಾದ ಥರ್ಮಲ್ ಒಳಉಡುಪು, ಅದರ ಮೇಲೆ ಉಣ್ಣೆಯಂಥ ಫ್ಲೀಸು, ಮೇಲೊಂದು ನೀರು ಇಳಿಯದ ಜಾಕೆಟ್ಟು, ಪ್ಯಾಂಟು. ಜಾಕೆಟ್ಟು ಪ್ಯಾಂಟು ಎರಡೂ ಬಾಡಿಗೆಗೆ ಸಿಗುತ್ತವೆ. ಸುಮ್ನೆ ಕೊಳ್ಳುವ ಅಗತ್ಯವಿಲ್ಲ. ನಿಜ ಹೇಳಬೇಕೆಂದರೆ ಅರ್ಧ ಗಂಟೆಯಲ್ಲಿ ನನಗೆ ಸೆಕೆಯಾಗುತ್ತಿತ್ತು. ಚಳಿಗಿಂತ ಬಿಸಿಲಿನ ಕಾಟ ಜಾಸ್ತಿ. ಬಿಸಿಲನ್ನು ಹಿಮ ಕೆಳಗಿನಿಂದ ಮುಖಕ್ಕೆ ತಿರುಗಿಸಿ ಹೊಡೆಯುತ್ತದೆ. ಇವರು ಕ್ರೀಮ್ ಹಚ್ಚಿಕೊಳ್ಳಲು ಒಪ್ಪಲಿಲ್ಲ. ಈಗ ಕನ್ನಡಕದ ಜಾಗ ಬಿಟ್ಟು ಉಳಿದ ಮುಖವೆಲ್ಲ ಕೆಂಪಾಗಿದೆ. ಫೋಟೊದಲ್ಲಿ ನೀನು ನೋಡಿ ನಕ್ಕಿದ್ದು ಅದಕ್ಕೇ.

ಬಾಡಿಗೆ ಕೌಂಟರಿನಲ್ಲಿ ಎತ್ತರ, ತೂಕ, ಪಾದದ ಅಳತೆ ಎಲ್ಲ ಬರೆದುಕೊಡಬೇಕು. ತೂಕ ಯಾಕೆ ಅಂತ ನಾನು ಮುಜುಗರದಲ್ಲಿ ಕೇಳಿದೆ. ಅಮ್ಮ, ನಿನ್ನ ಭಯಕ್ಕೆ ಉತ್ತರ ಇರುವುದು ಅಲ್ಲೇ. ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿ ಇರುತ್ತದಲ್ಲ, ಅದಕ್ಕೆ ಬೈಂಡಿಂಗ್ ಅನ್ನುತ್ತಾರೆ. ಜೋರಾಗಿ ಬಿದ್ದು ಕಾಲು ತಿರುಚುವ ಹಾಗಾದರೆ ಅದು ತಾನೇ ಬಿಟ್ಟುಕೊಳ್ಳಬೇಕು. ಎಷ್ಟು ಒತ್ತಡಕ್ಕೆ ಬಿಡಬೇಕು ಅನ್ನುವುದನ್ನು ತೂಕ, ಎತ್ತರ, ವಯಸ್ಸು ನೋಡಿ ಬಿಗಿ ಮಾಡುತ್ತಾರೆ. ಹಾಗಂತ ಏನೂ ಆಗುವುದೇ ಇಲ್ಲ ಅಂತಲ್ಲ. ಮೊಣಕಾಲು ಉಳುಕಿಸಿಕೊಳ್ಳುವವರು ಇದ್ದಾರೆ. ಆದರೆ ನಿನ್ನ ಮೊಮ್ಮಗನ ತಲೆಗೆ ಹೆಲ್ಮೆಟ್ ಇತ್ತು, ಅವನು ಕಲಿತಿದ್ದು ಅಂಗಳದಷ್ಟು ಸಪಾಟಾದ ಜಾಗದಲ್ಲಿ.

ಬೂಟಿನ ಬಗ್ಗೆ ಹೇಳಲೇಬೇಕು. ಗಟ್ಟಿ ಪ್ಲಾಸ್ಟಿಕ್ಕಿನದು, ಮೀನಖಂಡದವರೆಗೆ ಬರುತ್ತದೆ, ಸಾಲಾಗಿ ಬಕಲುಗಳು. ಒಳಗೆ ಒಂದೇ ಜೊತೆ ಕಾಲುಚೀಲ. ಥರ್ಮಲ್ ಪ್ಯಾಂಟಿನ ಅಂಚು ಒಳಗೆ ಸೇರಿದರೂ ಸಂಜೆ ಹೊತ್ತಿಗೆ ಕಾಲಿನ ಮೇಲೆ ಬರೆ ಬೀಳುತ್ತದೆ. ನೆಟ್ಟಗೆ ನಿಂತರೆ ಹೆಬ್ಬೆರಳು ಮುಂದಕ್ಕೆ ತಾಗಿ, ಸೈಜು ಚಿಕ್ಕದಾಯಿತು ಅನಿಸುತ್ತದೆ. ಮಂಡಿ ಬಗ್ಗಿಸಿದ ತಕ್ಷಣ ಬೆರಳು ಹಿಂದೆ ಸರಿದು ಸರಿಹೋಗುತ್ತದೆ. ಬಗ್ಗಿ ನಿಲ್ಲುವವರಿಗೆಂದೇ ಮಾಡಿದ ಬೂಟು ಅದು. ಅದನ್ನು ಹಾಕಿಕೊಂಡು ಮೆಟ್ಟಿಲು ಇಳಿಯುವುದು ಸ್ಕೀಯಿಂಗಿಗಿಂತ ಕಷ್ಟ. ಕಟಕಟ ಸದ್ದು ಮಾಡುತ್ತಾ, ಕೈಯಲ್ಲಿ ಸ್ಕೀ, ಕೋಲು, ಮಗ ಬಿಚ್ಚಿ ಕೊಟ್ಟ ಮಫ್ಲರು ಎಲ್ಲ ಹಿಡಿದು ಗೊಂಡೊಲಾದ ಸಾಲಿನಲ್ಲಿ ನಿಂತಿದ್ದೆ. ಆಗ ಮಾತ್ರ ಅಮ್ಮ ಹೇಳಿದ್ದು ಸರಿ ಅನಿಸಿತು.

ಗೊಂಡೊಲಾ ಸುಮಾರು 800 ಮೀಟರ್ ಎತ್ತರದ ಒಂದು ಬಯಲಿಗೆ ಕರೆದುಕೊಂಡು ಹೋಗುತ್ತದೆ. ಹೊಸಬರ ಇಳಿಜಾರು ಅಲ್ಲಿದೆ. ಮಕ್ಕಳ ತರಗತಿ ಬೇರೆ, ದೊಡ್ಡವರದು ಬೇರೆ. ನಮ್ಮ ಮೇಷ್ಟ್ರಿಗೆ ಅರವತ್ತು ದಾಟಿರಬೇಕು. ಚೂರುಪಾರು ಇಂಗ್ಲಿಷು, ಉಳಿದದ್ದೆಲ್ಲ ಮೈಯಲ್ಲೇ ತೋರಿಸುವವರು. ಬೇಸಿಗೆಯಲ್ಲಿ ಏನು ಮಾಡುತ್ತೀರಿ ಅಂದರೆ ಗದ್ದೆ ಅಂದರು. ಅಪ್ಪ, ಆ ಕ್ಷಣದಿಂದ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂತು.

ಮೊದಲ ಪಾಠ ಬೀಳುವುದು. ಹಿಂದಕ್ಕೆ ಬೀಳಬಾರದು, ಕೈಯೂರಬಾರದು, ಪಕ್ಕಕ್ಕೆ, ಏರು ಇರುವ ಕಡೆಗೆ ಸೊಂಟ ಇಟ್ಟು ಕೂತಂತೆ ಬೀಳಬೇಕು. ಏಳುವಾಗ ಎರಡೂ ಸ್ಕೀಗಳನ್ನು ಇಳಿಜಾರಿಗೆ ಅಡ್ಡಲಾಗಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಎದ್ದ ಮರುಕ್ಷಣವೇ ಜಾರಿಕೊಂಡು ಹೋಗುತ್ತೀವಿ. ಆಮೇಲೆ ಒಂದೇ ಕಾಲಿಗೆ ಸ್ಕೀ ಹಾಕಿ ನಡೆಸಿದರು. ಬೂಟಿನಡಿಗೆ ಅಂಟಿದ ಹಿಮವನ್ನು ಕೋಲಿನಿಂದ ಕೆರೆಯದಿದ್ದರೆ ಬೈಂಡಿಂಗ್ ಕೂರುವುದಿಲ್ಲ. ಬೆರಳ ಕಡೆ ಮೊದಲು ಸಿಕ್ಕಿಸಿ ಹಿಮ್ಮಡಿ ಒತ್ತಿದರೆ 'ಟಕ್' ಅನ್ನುತ್ತದೆ. ಆ ಟಕ್ ಕೇಳಿದ ಮೇಲೆ ನಿಂತಲ್ಲಿ ನಿಲ್ಲುವುದೂ ಒಂದು ಕೆಲಸ.

ಮುಂದೆ ನಿಲ್ಲಿಸುವ ಪಾಠ. ಎರಡೂ ಸ್ಕೀಗಳ ಮೂತಿ ಹತ್ತಿರ, ಹಿಂಭಾಗ ದೂರ. ಜಪಾನಿ ಲಿಪಿಯ 'ಹ' (ハ) ಅಕ್ಷರದ ಹಾಗೆ ಇಡಿ ಅಂತಾರೆ. ಹಿಮ್ಮಡಿಗಳನ್ನು ಹೊರಕ್ಕೆ ತಳ್ಳಿದರೆ ಸ್ಕೀಗಳ ಒಳ ಅಂಚು ಹಿಮವನ್ನು ಕೆರೆದು ಹಿಡಿಯುತ್ತದೆ, ವೇಗ ಇಳಿಯುತ್ತದೆ. ತಿರುಗುವುದೂ ಹೀಗೇ. ಎಡಕ್ಕೆ ಹೋಗಬೇಕೆಂದರೆ ಬಲಗಾಲಿನ ಮೇಲೆ ಭಾರ ಹಾಕು, ಹೋಗಬೇಕಾದ ಕಡೆ ನೋಡು. ಕೇಳಲು ಸುಲಭ.

ಕಷ್ಟ ಇರುವುದು ಇಲ್ಲಿ. ಇಳಿಜಾರು ಕಂಡ ತಕ್ಷಣ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ವಾಲಿದರೆ ಭಾರ ಹಿಂದಕ್ಕೆ ಹೋಗಿ ಸ್ಕೀಯ ಮುಂಭಾಗ ಹಗುರಾಗುತ್ತದೆ. ಆಮೇಲೆ ಅದು ತಿರುಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ಅಂದರೆ ಹೆದರಿದಷ್ಟೂ ಜೋರಾಗಿ ಹೋಗುತ್ತೀವಿ. ಮೊಣಕಾಲಿನ ಕೆಳಗಿನ ಮುಂಭಾಗವನ್ನು ಬೂಟಿನ ನಾಲಗೆಗೆ ಒತ್ತಿ, ಇಳಿಜಾರಿನ ಕಡೆಗೇ ಎದೆ ಕೊಟ್ಟು ನಿಲ್ಲಬೇಕು. ಮಳೆಗಾಲದಲ್ಲಿ ಹಾವಸೆ ಹಿಡಿದ ನಮ್ಮ ಅಂಗಳದಲ್ಲಿ ಬೆರಳೂರಿ, ಉಸಿರು ಹಿಡಿದು ನಡೆದು ಬೆಳೆದವಳು ನಾನು. ಜಾರಬೇಡ ಜಾರಬೇಡ ಅಂತ ಅಜ್ಜಿ ಕೂಗಿದ್ದು ಈಗಲೂ ಕಾಲಿನಲ್ಲೇ ಕೂತಿದೆ. ಅಂಥ ಕಾಲಿಗೆ, ದುಡ್ಡು ಕೊಟ್ಟು, ಜಾರು ಅಂತ ಹೇಳಿಕೊಡಬೇಕು! ಮೇಷ್ಟ್ರು ನನ್ನೆದುರು ಹಿಮ್ಮುಖವಾಗಿ ಇಳಿಯುತ್ತಾ, ನನ್ನ ಎರಡೂ ಸ್ಕೀಗಳ ಮೂತಿ ಹಿಡಿದು, ತಲೆ ಎತ್ತು, ಕೆಳಗೆ ನೋಡಬೇಡ ಅಂತ ಸನ್ನೆ ಮಾಡುತ್ತಿದ್ದರು. ಎಲ್ಲೋ ಒಂದು ಕಡೆ ಕೈ ಬಿಟ್ಟಿದ್ದರು, ನನಗೆ ಗೊತ್ತೇ ಆಗಲಿಲ್ಲ. ಹಿಮದ ಮೇಲೆ ಸ್ಕೀ ಸರಸರ ಅನ್ನುವ ಸದ್ದು ಮಾತ್ರ ಕೇಳಿಸುತ್ತಿತ್ತು. ಕಾಲು ತೆರೆದೆ, ನಿಂತೆ. ನಾನೇ ನಿಲ್ಲಿಸಿದ್ದು! ಅಮ್ಮ, ಡ್ರೈವಿಂಗ್ ಲೈಸೆನ್ಸ್ ಬಂದಾಗಲೂ ಇಷ್ಟು ಜಂಬ ಬಂದಿರಲಿಲ್ಲ.

ನಿನ್ನ ಮೊಮ್ಮಗನಿಗೆ ಈ ಯಾವ ತತ್ವವೂ ಬೇಕಾಗಲಿಲ್ಲ. ಮಕ್ಕಳಿಗೆ ಗುರುತ್ವ ಕೇಂದ್ರ ಕೆಳಗಿರುತ್ತದೆ, ಬಿದ್ದರೂ ದೂರವಿಲ್ಲ, ಮರ್ಯಾದೆಯ ಚಿಂತೆಯೂ ಇಲ್ಲ. ಊಟದ ಹೊತ್ತಿಗೆ ಅವನು ಲಿಫ್ಟಿನಲ್ಲಿ ಹೋಗೋಣ ಅಂತ ಹಟ ಹಿಡಿದಿದ್ದ. ಇವರಂತೂ ನಾಲ್ಕು ಮಾರು ಜಾರಿ, ಸೊಂಟ ಹಿಡಿದುಕೊಂಡು, ಫೋಟೊ ತೆಗೆಯುವ ಕೆಲಸ ವಹಿಸಿಕೊಂಡರು. ಅವರ ಬಗ್ಗೆ ಇಷ್ಟು ಸಾಕು.

ಲಿಫ್ಟು ಅಂದರೆ ತಂತಿಗೆ ನೇತುಹಾಕಿದ ಬೆಂಚು. ಅದು ನಿಲ್ಲುವುದಿಲ್ಲ, ಹಿಂದಿನಿಂದ ಬಂದು ಮಂಡಿಗೆ ತಾಗಿದಾಗ ಕೂತುಬಿಡಬೇಕು. ಇಳಿಯುವಾಗ ಸ್ಕೀ ಮೂತಿ ಮೇಲೆತ್ತಿ, ಎದ್ದು ಜಾರಿ ಪಕ್ಕಕ್ಕೆ ಸರಿಯಬೇಕು. ಮೇಲಿನಿಂದ ಇಳಿಯುವಾಗ ಒಂದು ನಿಯಮ ಇದೆ, ನನಗೆ ಬಹಳ ಹಿಡಿಸಿತು. ಮುಂದೆ ಇರುವವರಿಗೇ ಹಕ್ಕು. ಹಿಂದಿನಿಂದ ಬರುವವನು ಎಷ್ಟೇ ನಿಪುಣನಾಗಿರಲಿ, ಮುಂದೆ ತಡವರಿಸುತ್ತಿರುವವರನ್ನು ತಪ್ಪಿಸಿಕೊಂಡು ಹೋಗುವ ಜವಾಬ್ದಾರಿ ಅವನದೇ. ನಮ್ಮ ಘಾಟಿ ರಸ್ತೆಯಲ್ಲಿ ಹಾರ್ನ್ ಹೊಡೆಯುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಊಟಕ್ಕೆ ನಮ್ಮ ಚಪಾತಿಯೇ. ಇಲ್ಲಿನ ಸಾರು, ನೂಡಲ್ಸಿನಲ್ಲಿ ಮೀನಿನ ರಸ ಇರುವುದೇ ಹೆಚ್ಚು, ಕೇಳಿ ಕೇಳಿ ತಿನ್ನುವ ಹೊತ್ತಿಗೆ ಹಸಿವು ಕಾಯುವುದಿಲ್ಲ.

ತಿನ್ನುವಾಗ ಮೇಷ್ಟ್ರು ಒಂದು ಕತೆ ಹೇಳಿದರು. ಜಪಾನಿನವರು ಸ್ಕೀ ಪಾಠ ಕಲಿತಿದ್ದು ಇದೇ ನೀಗಾತಾದಲ್ಲಂತೆ. ತಕಾದಾ ಅನ್ನುವ ಊರಿನಲ್ಲಿ, 1911ರ ಜನವರಿ 12ರಂದು, ಆಸ್ಟ್ರಿಯಾದ ಸೇನಾಧಿಕಾರಿ ಲೆರ್ಶ್ ಅನ್ನುವವರು ಇಲ್ಲಿನ ಸೈನಿಕರಿಗೆ ಕಲಿಸಿದರು. ಈಗಿನ ಹಾಗೆ ಎರಡು ಕೋಲಲ್ಲ, ಒಂದೇ ಉದ್ದನೆ ಕೋಲು. ಅದಕ್ಕೆ ಒಂಬತ್ತು ವರ್ಷ ಮೊದಲು, 1902ರಲ್ಲಿ, ಉತ್ತರದ ಹಕ್ಕೋದಾ ಬೆಟ್ಟಗಳಲ್ಲಿ ಚಳಿಗಾಲದ ತರಬೇತಿಗೆ ಹೋದ 210 ಸೈನಿಕರಲ್ಲಿ 199 ಜನ ಹಿಮಕ್ಕೆ ಸಿಕ್ಕಿ ಸತ್ತಿದ್ದರು. ನಮಗೆ ಆಟ ಅನಿಸುವುದು ಇಲ್ಲಿ ಜೀವ ಉಳಿಸಿಕೊಳ್ಳುವ ವಿದ್ಯೆಯೂ ಆಗಿತ್ತು.

ಹೆಣ್ಣುಮಕ್ಕಳಿಗೆ ಯಾಕೆ ಇದು ಅಂತ ಪಕ್ಕದ ಮನೆಯವರು ಕೇಳಿದರೆ, ಅಮ್ಮ, ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಹೆಸರು ಹೇಳು. ಹಿಮ ಬೀಳದ ಊರಿನ ಹುಡುಗಿ, ಹಿಮದ ಮೇಲೆ ದೂರದೂರ ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಭಾರತದ ಪರವಾಗಿ ವಿಶ್ವ ಮಟ್ಟದಲ್ಲಿ ಸ್ಪರ್ಧಿಸಿದವಳು.

ಹಿಂತಿರುಗುವ ಮೊದಲು ಯುಜಾವಾ ಊರಿಗೆ ಬಸ್ಸಿನಲ್ಲಿ ಹೋಗಿದ್ದೆವು. ಅಲ್ಲಿನ ರಸ್ತೆಗಳ ನಡುವೆ ಸಾಲಾಗಿ ಸಣ್ಣ ಕಾರಂಜಿಗಳಿವೆ. ಅಂತರ್ಜಲವನ್ನು ಎತ್ತಿ ರಸ್ತೆಗೆ ಚಿಮುಕಿಸುತ್ತಾರೆ. ಭೂಮಿಯೊಳಗಿನ ನೀರು ಹಿಮಕ್ಕಿಂತ ಬೆಚ್ಚಗಿರುವುದರಿಂದ ಬಿದ್ದ ಹಿಮ ಅಲ್ಲೇ ಕರಗಿ ಹೋಗುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ರಸ್ತೆಯೆಲ್ಲ ತುಕ್ಕಿನ ಬಣ್ಣ. ಎರಡೂ ಕಡೆ ಬಿಳಿ ಗೋಡೆ, ನಡುವೆ ಕೆಂಪು ರಸ್ತೆ. ಅಪ್ಪನಿಗೆ ಇನ್ನೊಂದು ವಿಷಯ: ಗದ್ದೆ ಬಯಲಿನ ನಡುವೆ ಹತ್ತಾರು ಮಹಡಿಯ ಅಪಾರ್ಟ್‌ಮೆಂಟುಗಳು ನಿಂತಿವೆ. ಎಂಬತ್ತರ ದಶಕದ ಕೊನೆಯಲ್ಲಿ ಸ್ಕೀಯಿಂಗ್ ಹುಚ್ಚು ಹತ್ತಿದಾಗ ಟೋಕಿಯೊ ಜನ ಮುಗಿಬಿದ್ದು ಕೊಂಡ ಮನೆಗಳು. ಈಗ ಕಾರಿಗಿಂತ ಕಡಿಮೆ ಬೆಲೆಗೂ ಸಿಗುತ್ತವೆ, ಆದರೆ ತಿಂಗಳ ನಿರ್ವಹಣೆ ಖರ್ಚು ಬೆನ್ನು ಬಿಡುವುದಿಲ್ಲ. ರೆಸಾರ್ಟ್ ಪಕ್ಕ ಸೈಟು ಅಂತ ತಮ್ಮ ಹೇಳುತ್ತಿದ್ದನಲ್ಲ, ಅವನಿಗೆ ಈ ಸಾಲು ಓದಿ ಹೇಳಿ.

ಆ ಬಯಲಿನ ಅಕ್ಕಿ ಜಪಾನಿಗೇ ಹೆಸರಾದದ್ದು, ಕೋಶಿಹಿಕಾರಿ ತಳಿ. ಚಳಿಗಾಲದ ಹಿಮ ವಸಂತದಲ್ಲಿ ಕರಗಿ ಗದ್ದೆಗೆ ನೀರಾಗುತ್ತದೆ. ಹಿಮ ಕಡಿಮೆ ಬಿದ್ದ ವರ್ಷ ನನ್ನ ಎರಡೂ ಕೆಲಸಕ್ಕೆ ಕುತ್ತು ಅಂತ ಮೇಷ್ಟ್ರು ನಕ್ಕರು. ಎರಡು ಕಿಲೋ ತಂದಿದ್ದೇನೆ. ನಮ್ಮ ಸಾರಿಗೆ ಅಂಟು ಜಾಸ್ತಿ, ಮೊಸರಿಗೆ ಮಾತ್ರ ಬಹಳ ಚೆನ್ನ.

ಮುಂದಿನ ವರ್ಷ ಅಡಿಕೆ ಕೊಯ್ಲು, ಸುಲಿಯುವುದು ಮುಗಿದ ಮೇಲೆ ನೀವಿಬ್ಬರೂ ಬನ್ನಿ. ಅಮ್ಮ ಸ್ಕೀ ಹಾಕಬೇಕಾಗಿಲ್ಲ, ಗೊಂಡೊಲಾದಲ್ಲಿ ಮೇಲೆ ಹೋಗಿ, ಹಿಮ ಮುಟ್ಟಿ, ಅದರಲ್ಲೇ ಕೆಳಗೆ ಬರಬಹುದು. ಅಪ್ಪನನ್ನು ಮೇಷ್ಟ್ರ ಹತ್ತಿರ ಗದ್ದೆ ವಿಚಾರ ಮಾತಾಡಲು ಬಿಟ್ಟರೆ ಸಂಜೆಯವರೆಗೆ ನಮಗೆ ಚಿಂತೆಯಿಲ್ಲ. ಪಾಸ್‌ಪೋರ್ಟ್ ಅರ್ಜಿಗೆ ಬೇಕಾದ ಕಾಗದಗಳ ಪಟ್ಟಿ ತಮ್ಮನಿಗೆ ಕಳಿಸಿದ್ದೇನೆ. ಈ ಸಲ ಮುಂದೂಡಬೇಡಿ.

ಅಮ್ಮನ ಮೊಣಕಾಲು ನೋವು ಹೇಗಿದೆ? ಡಾಕ್ಟರು ಹೇಳಿದ ವ್ಯಾಯಾಮ ದಿನಾ ಮಾಡು. ಅಪ್ಪೆಮಿಡಿ ಉಪ್ಪಿನಕಾಯಿ ತಳ ಕಾಣುತ್ತಿದೆ. ಯಾರಾದರೂ ಈ ಕಡೆ ಬರುವವರಿದ್ದರೆ ಒಂದು ಬಾಟಲಿ ಕಳಿಸು, ಈ ಸಲ ಮುಚ್ಚಳಕ್ಕೆ ಎರಡು ಸುತ್ತು ಟೇಪು ಹಾಕಿ.

ಇತಿ,
ನಿಮ್ಮ ಪುಟ್ಟಿ