ಎಣ್ಣೆಯ ಡಬ್ಬಿ, ಮೇಣದ ಉಂಡೆ

ಮಿನಿಯಾಪೊಲಿಸ್
ಜನವರಿ 18

ಪ್ರೀತಿಯ ಅಮ್ಮನಿಗೆ,

ನಾನು ಕ್ಷೇಮ. ವೀಣೆಯೂ ಈಗ ಕ್ಷೇಮ. ‘ಈಗ’ ಎಂದದ್ದಕ್ಕೆ ಗಾಬರಿಯಾಗಬೇಡ, ಹೇಳುತ್ತೇನೆ. ಫೋನಿನಲ್ಲಿ ಹೇಳಿದ್ದರೆ ನೀನು ಅರ್ಧಕ್ಕೇ ಬಯ್ಯಲು ತೊಡಗುತ್ತಿದ್ದೆ. ಅದಕ್ಕೇ ಕಾಗದ.

ಹೊರಡುವ ಹಿಂದಿನ ರಾತ್ರಿ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ನೀನು ತುಂಬಿಸುತ್ತಿದ್ದುದನ್ನು ನೋಡಿ, ‘ಅಲ್ಲಿ ಅಂಗಡಿ ಇಡಬೇಕೇನಮ್ಮ?’ ಎಂದು ನಕ್ಕಿದ್ದೆನಲ್ಲ. ಎಣ್ಣೆ ಹತ್ತಿಯ ಪುಟ್ಟ ಡಬ್ಬಿ, ವೀಣೆಯ ಮೊದಲ ತಂತಿ ಸಾರಣಿಯ ಸುರುಳಿ, ಅರ್ಧ ತುಂಡು ಸೀಮೆಸುಣ್ಣ, ನಿನ್ನ ಹಳೆಯ ರೇಷ್ಮೆ ಸೀರೆಯ ಚೂರು, ಕೊನೆಗೆ ಪೇಪರಿನಲ್ಲಿ ಸುತ್ತಿದ ಆ ಕಪ್ಪು ಮೇಣದ ಉಂಡೆ. ವಿಮಾನ ಇಳಿದ ಮೇಲೆ ತಪಾಸಣೆಯವರು ಡಬ್ಬಿ ತೆರೆಸಿ, ಮಿಕ್ಕದ್ದನ್ನೆಲ್ಲ ಬಿಟ್ಟು ಆ ಉಂಡೆಯನ್ನೇ ಎತ್ತಿ ಮೂಸಿದರು. ಜೇನುಮೇಣಕ್ಕೆ ಮಸಿ ಬೆರೆಸಿದ್ದು, ವೀಣೆಯ ಮೆಟ್ಟಿಲು, ಅಂದರೆ ತಂತಿ ಒತ್ತಿ ಸ್ವರ ತೆಗೆಯುವ ಪಟ್ಟಿಗಳನ್ನು ಕೂರಿಸಲು ಬೇಕು ಎಂದೆ. ನಂಬಲಿಲ್ಲ. ಪೆಟ್ಟಿಗೆ ತೆರೆದು ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನೂ ತೋರಿಸಿದ ಮೇಲೆ ಬಿಟ್ಟರು.

ಅಲ್ಲಿ ತೋರಿಸಿದಾಗ ಇಪ್ಪತ್ತನಾಲ್ಕೂ ಇದ್ದವು ಎಂಬುದನ್ನು ನೆನಪಿಟ್ಟುಕೋ. ನಾಲ್ಕು ದಿನದ ನಂತರ ಸಂಗೀತ ಕಛೇರಿಯ ಹಿಂದಿನ ಸಂಜೆ ಪೆಟ್ಟಿಗೆ ತೆರೆದರೆ ಏಳನೆಯ ಮೆಟ್ಟಿಲು, ‘ಪ’ ಸ್ವರದ್ದು, ಕಿತ್ತು ವೀಣೆಯ ಕೊಡದ ಪಕ್ಕದಲ್ಲಿ ಬಿದ್ದಿತ್ತು. ಪಂಚಮವೇ ಇಲ್ಲದ ವೀಣೆ! ವಿಮಾನದ ಹೊಟ್ಟೆಯ ಚಳಿಗೋ, ಇಲ್ಲಿನ ಮೈನಸ್ 20 ಡಿಗ್ರಿಯಲ್ಲಿ ಕಾರಿಗೆ ಹತ್ತಿಸಿ ಇಳಿಸಿದ್ದಕ್ಕೋ, ಮೇಣ ಬಳಪದಂತೆ ಬಿರುಸಾಗಿ ಒಡೆದಿತ್ತು. ನಮ್ಮಲ್ಲಿ ಏಪ್ರಿಲ್ ಬಿಸಿಲಿಗೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುವುದನ್ನು ಕಂಡಿದ್ದೆ. ಚಳಿಗೆ ಮೇಣ ಒಡೆಯುತ್ತದೆ ಎಂಬುದು ಇಲ್ಲಿಗೆ ಬಂದ ಮೇಲೆ ತಿಳಿಯಿತು.

ಮೇಳ ಕಟ್ಟುವವರು, ಮೆಟ್ಟಿಲುಗಳನ್ನು ಶ್ರುತಿಗೆ ಕೂರಿಸಿಕೊಡುವವರು, ಈ ಊರಿನಲ್ಲಿ ಎಲ್ಲಿ ಸಿಗಬೇಕು? ನಾನೇ ಕೂತೆ. ಮೊದಲು ಹೇರ್ ಡ್ರೈಯರ್ ಹಿಡಿಯೋಣವೆಂದುಕೊಂಡೆ. ಆದರೆ ಅದರ ಬಿಸಿಗಾಳಿಗೆ ಆರನೆಯದೂ ಎಂಟನೆಯದೂ ಸಡಿಲವಾದರೆ ಗತಿಯೇನು? ಚಮಚದ ಹಿಡಿಯನ್ನು ಒಲೆಯ ಮೇಲೆ ಕಾಯಿಸಿ, ನಿನ್ನ ಉಂಡೆಯಿಂದ ಕಡಲೆಕಾಳಿನಷ್ಟು ಮೇಣ ತೆಗೆದು ಮೆತ್ತಗೆ ಮಾಡಿ, ಮೆಟ್ಟಿಲನ್ನು ಒತ್ತಿ ಕೂರಿಸಿದೆ. ಎರಡನೆಯ ತಂತಿಯ ಪಂಚಮವನ್ನು ಮೀಟುತ್ತಾ, ಸಾರಣಿಯ ಮೇಲಿನ ಪಂಚಮ ಅದಕ್ಕೆ ಸೇರುವವರೆಗೆ ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ. ಎರಡು ಗಂಟೆ ಹಿಡಿಯಿತು. ನೋಡಲು ಅಷ್ಟೇನೂ ಅಂದವಾಗಿಲ್ಲ, ನೀನು ನೋಡಿದರೆ ಮುಖ ಸಿಂಡರಿಸುತ್ತೀಯೆ. ಶ್ರುತಿ ಮಾತ್ರ ಸರಿಯಾಗಿದೆ.

ಇನ್ನು ಎಣ್ಣೆ. ಡಿಸೆಂಬರ್ ಬೆಳಗ್ಗೆ ಕೊಬ್ಬರಿ ಎಣ್ಣೆ ಗಟ್ಟಿಯಾದರೆ ನೀನು ಶೀಶೆಯನ್ನು ಹಿತ್ತಿಲಿನ ಬಿಸಿಲಿಗಿಡುತ್ತಿದ್ದೆ. ಇಲ್ಲಿನ ಬಿಸಿಲು ಕಣ್ಣಿಗೆ ಮಾತ್ರ. ಸಭಾಂಗಣಕ್ಕೆ ಹೋಗುವಷ್ಟರಲ್ಲಿ ಡಬ್ಬಿಯೊಳಗಿನ ಹತ್ತಿ ಬೆಣ್ಣೆ ಉಂಡೆಯಂತಾಗಿತ್ತು. ಬೆರಳಿಗೆ ಎಣ್ಣೆ ಇಲ್ಲದೆ ಗಮಕ ಎಳೆದರೆ ತಂತಿ ಕಚ್ಚುತ್ತದೆಂದು ನಿನಗೆ ಹೇಳಬೇಕಿಲ್ಲ. ಈಗ ಡಬ್ಬಿ ಕೋಟಿನ ಒಳಜೇಬಿನಲ್ಲಿರುತ್ತದೆ, ಮೈಶಾಖಕ್ಕೆ ಕರಗಿಕೊಂಡೇ ಬರುತ್ತದೆ. ಕೋಟಿನ ಅಸ್ತರಿಗೆ ಒಂದು ಕಲೆ ಬಿದ್ದಿದೆ. ಇರಲಿ.

ಸೀಮೆಸುಣ್ಣವನ್ನು ಕಂಡು ಹೆಚ್ಚು ನಕ್ಕಿದ್ದೆ, ಅದೇ ಹೆಚ್ಚು ಸವೆದಿದೆ. ಚಳಿಗಾಲವಿಡೀ ಮನೆಗಳಲ್ಲಿ ಹೀಟರ್ ಉರಿಯುವುದರಿಂದ ಗಾಳಿ ಒಣಗಿ, ಮರ ಕುಗ್ಗಿ, ತಂತಿ ಬಿಗಿಯುವ ಬಿರಡೆಗಳು ನಿಲ್ಲದೆ ಜಾರುತ್ತವೆ, ಸೀಮೆಸುಣ್ಣ ಹಚ್ಚಬೇಕು. ಇಲ್ಲಿನ ಚೆಲೋದವರೊಬ್ಬರು ಒಂದು ಉಪಾಯ ಹೇಳಿಕೊಟ್ಟರು: ಸೋಪಿನ ಡಬ್ಬಿಗೆ ತೂತು ಮಾಡಿ, ಹಿಂಡಿದ ಒದ್ದೆ ಸ್ಪಂಜನ್ನು ಅದರೊಳಗಿಟ್ಟು ವಾದ್ಯದ ಪೆಟ್ಟಿಗೆಯಲ್ಲೇ ಇಡುವುದು. ಒಂದು ವಾರದಿಂದ ಬಿರಡೆಗಳು ಮಾತು ಕೇಳುತ್ತಿವೆ.

ಆ ದಿನ ಗ್ರೀನ್ ರೂಮಿನಲ್ಲಿ ಓಬೋ ನುಡಿಸುವ ಹೆಂಗಸೊಬ್ಬರು ತಮ್ಮ ಸಂಚಿ ಬಿಚ್ಚಿದರು. ಓಬೋ ಎಂದರೆ ನಮ್ಮ ನಾಗಸ್ವರದ ಹಾಗೆ ಜೋಡಿ ಸೀಳಿನ ಪೀಪಿ ಇಟ್ಟು ಊದುವ ವಾದ್ಯ. ಪೀಪಿ ನೆನೆಸಲು ಬೆರಳುದ್ದದ ನೀರಿನ ಶೀಶೆ, ಅದನ್ನು ಹೆರೆಯಲು ಚಾಕು, ಕೊಳವೆಯೊಳಗಿನ ತೇವ ಒರೆಸಲು ಟರ್ಕಿ ಕೋಳಿಯ ಒಂದು ಗರಿ, ಕೀಲಿಗಳ ಸಂದಿಯಲ್ಲಿ ನಿಲ್ಲುವ ನೀರು ಹೀರಲು ಸಿಗರೇಟು ಸುತ್ತುವ ಕಾಗದ! ತಾವು ಸೇದುವುದಿಲ್ಲವೆಂದು, ನಾನು ಕೇಳದಿದ್ದರೂ, ಅವರೇ ಎರಡು ಸಲ ಹೇಳಿದರು. ನಾನು ನನ್ನ ತಗಡಿನ ಡಬ್ಬಿ ತೆರೆದು ತೋರಿಸಿದೆ. ಅವರೂ ಮೇಣವನ್ನೇ ಎತ್ತಿ ಮೂಸಿದರು.

ಒಂದು ಕೆಟ್ಟ ಸುದ್ದಿ. ಪೆಟ್ಟಿಗೆಯ ಕೊಂಡಿ ತೆಗೆಯುವಾಗ ತೋರುಬೆರಳಿನ ಉಗುರು ಮುರಿಯಿತು. ಮೈಸೂರಿನ ಬಾನಿಯಲ್ಲಿ ಉಗುರಿನಲ್ಲೇ ಮೀಟುವವರಿಗೆ ಇದು ಕೈ ಮುರಿದಂತೆ. ಗಿಟಾರಿನವರೊಬ್ಬರು ಟೇಬಲ್ ಟೆನಿಸ್ ಚೆಂಡಿನ ಚೂರೊಂದನ್ನು ಕತ್ತರಿಸಿ ಅಂಟಿಸಿಕೊಟ್ಟರು. ಇಲ್ಲಿ ಅನೇಕರು ಹಾಗೆ ಮಾಡಿಕೊಳ್ಳುತ್ತಾರಂತೆ. ನಾದ ಸ್ವಲ್ಪ ಒರಟು, ಆದರೂ ತಾನ ನುಡಿಸಿದೆ. ನಿನ್ನ ಗುರುಗಳ ಮುಂದೆ ಇದನ್ನು ಎತ್ತಬೇಡ.

ಮಾರ್ಚಿನಲ್ಲಿ ಎದುರು ಮನೆಯವರ ಮಗ ಇಲ್ಲಿಗೆ ಬರುತ್ತಾನೆಂದು ಅಪ್ಪ ಹೇಳಿದರು. ಅವನ ಕೈಯಲ್ಲಿ ಇನ್ನೊಂದು ಉಂಡೆ ಮೇಣ ಕಳಿಸು, ನಿಂಬೆಹಣ್ಣಿನಷ್ಟು ಸಾಕು. ಸಾರಣಿಗೆ ಎರಡು ಸುರುಳಿ, ಮಂದ್ರದ ತಂತಿಗೆ ಒಂದು. ಸೀಮೆಸುಣ್ಣ ಬಿಳಿಯದೇ ಇರಲಿ, ಬಣ್ಣದ್ದು ಬಿರಡೆಗೆ ಹತ್ತಿಕೊಳ್ಳುತ್ತದೆ. ಹತ್ತಿ ಬೇಡ, ಇಲ್ಲಿ ಸಿಗುತ್ತದೆ. ಎಣ್ಣೆ ಗಾಣದ್ದೇ ಆಗಲಿ, ಮುಚ್ಚಳಕ್ಕೆ ಟೇಪು ಸುತ್ತಲು ಮರೆಯಬೇಡ.

ನಿನ್ನ ಮಗಳು