ಆರ್ಬಿಟ್ರೇಷನ್‌ಗೂ ‘ಮಧ್ಯಸ್ಥಿಕೆ’, ರಾಜಿಗೂ ‘ಮಧ್ಯಸ್ಥಿಕೆ’ ಬೇಡ

ಮಾನ್ಯ ಸಂಪಾದಕರೇ,

ಹೊರದೇಶದ ವ್ಯಾಪಾರದ ತಕರಾರುಗಳ ಸುದ್ದಿ ಬಂದಾಗಲೆಲ್ಲ ನಮ್ಮ ಕನ್ನಡ ಪತ್ರಿಕೆಗಳು ಆರ್ಬಿಟ್ರೇಷನ್‌ಗೂ ‘ಮಧ್ಯಸ್ಥಿಕೆ’ ಎಂದು ಬರೆಯುತ್ತವೆ, ಮೀಡಿಯೇಷನ್‌ಗೂ ‘ಮಧ್ಯಸ್ಥಿಕೆ’ ಎಂದೇ ಬರೆಯುತ್ತವೆ. ಆರ್ಬಿಟ್ರೇಷನ್ ಅಂದರೆ ನೇಮಿಸಿದವರು ಕೊಡುವ ತೀರ್ಪಿಗೆ ಇಬ್ಬರೂ ಬದ್ಧರಾಗಬೇಕು; ಮೀಡಿಯೇಷನ್ ಅಂದರೆ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವುದು, ಒಪ್ಪದಿದ್ದರೆ ಎದ್ದು ಬರಬಹುದು. 1996ರ ಆರ್ಬಿಟ್ರೇಷನ್ ಕಾಯ್ದೆಗೂ ಅದೇ ಹೆಸರು, 2023ರಲ್ಲಿ ಬಂದ ಮೀಡಿಯೇಷನ್ ಕಾಯ್ದೆಗೂ ಅದೇ ಹೆಸರು. ಒಂದು ಪದದ ವಿಷಯಕ್ಕೆ ಪತ್ರ ಬರೆಯಬೇಕೇ ಎಂದು ಕೇಳಬೇಡಿ. ಈ ಪದವನ್ನು ತಪ್ಪು ತಿಳಿದುಕೊಂಡು ನಾನು ಒಂದು ಕಂಟೇನರ್ ಹಾಳೆತಟ್ಟೆಯ ದುಡ್ಡು ಕಳೆದುಕೊಂಡಿದ್ದೇನೆ.

ಪೆರ್ಲದ ಹತ್ತಿರ ನಮ್ಮದೊಂದು ಸಣ್ಣ ಘಟಕ. ನಾಲ್ಕು ಪ್ರೆಸ್, ಒಂಬತ್ತು ಜನ ಕೆಲಸದವರು. ಸುತ್ತಲಿನ ತೋಟಗಳಿಂದ ಅಡಕೆ ಹಾಳೆ ತಂದು, ತೊಳೆದು, ಬಿಸಿ ಡೈಯಲ್ಲಿ ಒತ್ತಿ ತಟ್ಟೆ ಮಾಡುತ್ತೇವೆ. ಮೊದಲು ಮಂಗಳೂರಿನ ವ್ಯಾಪಾರಿಗಳಿಗೆ ಕೊಡುತ್ತಿದ್ದೆವು. ಕೆಲವು ವರ್ಷಗಳ ಹಿಂದೆ ಯುರೋಪಿನ ಒಬ್ಬ ಖರೀದಿದಾರ ನೇರವಾಗಿ ಸಿಕ್ಕಿದ. ಶೇ 40 ಮುಂಗಡ ಕೊಟ್ಟ, ಎಂಟು ಪುಟದ ಕರಾರು ಕಳಿಸಿದ. ದರ, ಅಳತೆ, ಪ್ಯಾಕಿಂಗ್ ಎಲ್ಲ ಎರಡೆರಡು ಸಲ ಓದಿದೆ. ಏಳನೇ ಪುಟದಲ್ಲಿ ನಾಲ್ಕು ಸಾಲು ಇತ್ತು: ತಕರಾರು ಬಂದರೆ ಲಂಡನ್ನಿನಲ್ಲಿ ಆರ್ಬಿಟ್ರೇಷನ್, ಇಂಗ್ಲೆಂಡಿನ ಕಾನೂನು, ಎರಡೂ ಕಡೆಯವರು ಒಬ್ಬೊಬ್ಬರನ್ನು ನೇಮಿಸುವುದು. ಅದರ ಕೆಳಗೂ ನನ್ನ ಸಹಿ, ಸೀಲು ಬಿದ್ದಿತ್ತು.

ಸರಕು ಹೋದದ್ದು ಮಳೆಗಾಲದ ಆರಂಭದಲ್ಲಿ. ಅಲ್ಲಿ ಕಂಟೇನರ್ ತೆರೆದ ದಿನ ಅವರು ಕಳಿಸಿದ ಫೋಟೋ ಇನ್ನೂ ನನ್ನ ಮೊಬೈಲ್‌ನಲ್ಲಿದೆ. ಇಪ್ಪತ್ತೈದರ ಕಟ್ಟು, ಹತ್ತು ಇಂಚಿನ ತಟ್ಟೆ, ಅಂಚಿನ ಸುತ್ತ ಕಪ್ಪು ಹಸಿರು ಬೂಸ್ಟು. ಕಟ್ಟಿನ ಚೀಟಿಯಲ್ಲಿ ನನ್ನ ಹೆಂಡತಿಯ ಅಕ್ಷರ. ಆದರೆ ಸರಕು ಇಲ್ಲಿಂದ ಹೊರಡುವಾಗ ಒಣಗಿತ್ತು. ಪ್ರತಿ ಬ್ಯಾಚಿನ ತೇವಾಂಶ ಅಳೆದು ಬರೆದಿಡುವ ನೋಟ್ ಪುಸ್ತಕ ನಮ್ಮಲ್ಲಿದೆ. ಕರಾರು ಎಫ್‌ಒಬಿ ಮಂಗಳೂರು, ಅಂದರೆ ಸರಕು ಹಡಗೇರಿದ ಮೇಲಿನ ಹಾನಿ ಖರೀದಿದಾರನದು. ದಾರಿಯಲ್ಲಿ ಹಡಗು ಬದಲಾಯಿಸುವ ಬಂದರಿನಲ್ಲಿ ಆ ಪೆಟ್ಟಿಗೆ ಎರಡು ವಾರಕ್ಕೂ ಹೆಚ್ಚು ದಿನ ನಿಂತಿತ್ತು. ನನಗೆ ಹೇಳಲು ಬೇಕಾದಷ್ಟಿತ್ತು.

ಆಟಿ ತಿಂಗಳಲ್ಲಿ ನೋಟಿಸು ಬಂತು, ಇಮೇಲ್‌ನಲ್ಲಿ ಒಮ್ಮೆ, ಕೊರಿಯರ್‌ನಲ್ಲಿ ಒಮ್ಮೆ. ಅವರು ತಮ್ಮ ಆರ್ಬಿಟ್ರೇಟರ್ ಹೆಸರು ತಿಳಿಸಿ, 14 ದಿನದಲ್ಲಿ ನಿಮ್ಮವರನ್ನು ನೇಮಿಸಿ ಎಂದಿದ್ದರು. ನಾನು ಆರ್ಬಿಟ್ರೇಷನ್ ಅಂದರೆ ಮಧ್ಯಸ್ಥಿಕೆ, ಮಧ್ಯಸ್ಥಿಕೆ ಅಂದರೆ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸುವುದು ಎಂದುಕೊಂಡೆ. ರಾಜಿಗೆ ಮನಸ್ಸಿಲ್ಲದಿದ್ದರೆ ಹೋಗದೆ ಇದ್ದರಾಯಿತು ಎಂದು ಕಾಗದವನ್ನು ಕಪಾಟಿನಲ್ಲಿ ಇಟ್ಟೆ.

ಇಂಗ್ಲೆಂಡಿನ ಕಾನೂನಿನ ಪ್ರಕಾರ, ಒಂದು ಕಡೆಯವರು ತಮ್ಮವರನ್ನು ನೇಮಿಸದೆ ಸುಮ್ಮನಿದ್ದರೆ ಇನ್ನೊಂದು ಕಡೆಯವರು ಮತ್ತೊಮ್ಮೆ ನೋಟಿಸು ಕೊಟ್ಟು ತಮ್ಮವರೊಬ್ಬರನ್ನೇ ಕೂರಿಸಬಹುದು. ಹಾಗೇ ಆಯಿತು. ಅವರೊಬ್ಬರೇ ಕಾಗದ ನೋಡಿ ತೀರ್ಪು ಕೊಟ್ಟರು. ಮುಂಗಡ, ಬಡ್ಡಿ, ಖರೀದಿದಾರನ ವಕೀಲರ ಖರ್ಚು ಎಲ್ಲ ನನ್ನ ತಲೆಗೆ. ಅದನ್ನು ಪ್ರಶ್ನಿಸಬೇಕಿದ್ದರೆ 28 ದಿನದೊಳಗೆ ಅಲ್ಲಿನ ಕೋರ್ಟಿಗೇ ಹೋಗಬೇಕಿತ್ತು.

ವಕೀಲರ ಹತ್ತಿರ ಓಡಿದೆ. ಅವರು ಕೇಳಿದ್ದು ಒಂದೇ ಮಾತು: ‘ನೋಟಿಸು ಕೈಗೆ ಬಂದಿತ್ತಾ?’ ಬಂದಿತ್ತು. ‘ಹಾಗಾದರೆ ಕಷ್ಟ’ ಎಂದರು. ವಿದೇಶದ ತೀರ್ಪನ್ನು ಜಾರಿ ಮಾಡಲು ಖರೀದಿದಾರರು ನಮ್ಮ ಹೈಕೋರ್ಟಿಗೆ, ಅಂದರೆ ಎರ್ನಾಕುಳಕ್ಕೆ ಬರುತ್ತಾರೆ. ಅಲ್ಲಿ 1996ರ ಕಾಯ್ದೆಯ 48ನೇ ಸೆಕ್ಷನ್ನಿನಲ್ಲಿರುವ ಕೆಲವೇ ಕಾರಣಗಳನ್ನು ಹೇಳಬಹುದು: ನೋಟಿಸು ಸಿಕ್ಕಿರಲಿಲ್ಲ, ಕರಾರೇ ಊರ್ಜಿತವಲ್ಲ, ಒಪ್ಪಿದ್ದರ ಆಚೆಗೆ ತೀರ್ಪು ಹೋಗಿದೆ, ದೇಶದ ಸಾರ್ವಜನಿಕ ನೀತಿಗೆ ವಿರುದ್ಧವಾಗಿದೆ, ಇಂಥವು. ತಟ್ಟೆಗೆ ಬೂಸ್ಟು ಹಿಡಿದದ್ದು ಯಾರ ತಪ್ಪು ಎಂಬುದನ್ನು ಅಲ್ಲಿ ಮತ್ತೆ ತೆಗೆಯುವ ಹಾಗಿಲ್ಲ. ಕೊನೆಗೆ ಕಂತಿನಲ್ಲಿ ಕಟ್ಟಿದೆ. ಆ ತೇವಾಂಶದ ಪುಸ್ತಕವನ್ನು ಯಾರೂ ತೆರೆದು ನೋಡಲಿಲ್ಲ.

ಇಷ್ಟಾದರೂ ನಾನು ಆರ್ಬಿಟ್ರೇಷನ್ ಬೇಡ ಎನ್ನುವವನಲ್ಲ. ನಮ್ಮಂಥವರಿಗೆ ಅದೇ ದಾರಿ. ಅಮೆರಿಕದ ಖರೀದಿದಾರ ದುಡ್ಡು ಕೊಡದಿದ್ದರೆ ಕಾಸರಗೋಡಿನ ಕೋರ್ಟಿನ ಡಿಕ್ರಿಯನ್ನು ಅಲ್ಲಿ ನೇರವಾಗಿ ಜಾರಿ ಮಾಡಿಸಲು ಆಗುವುದಿಲ್ಲ, ಎರಡು ದೇಶಗಳ ನಡುವೆ ಅಂಥ ಏರ್ಪಾಡಿಲ್ಲ. ಆದರೆ ಇಲ್ಲಿ ಕೂತು ಕೊಟ್ಟ ಆರ್ಬಿಟ್ರೇಷನ್ ತೀರ್ಪಿಗೆ ಅಲ್ಲಿ ಬೆಲೆ ಇದೆ. ಹೊರದೇಶದ ಆರ್ಬಿಟ್ರೇಷನ್ ತೀರ್ಪುಗಳನ್ನು ಮಾನ್ಯ ಮಾಡುವ 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ನೂರ ಎಪ್ಪತ್ತಕ್ಕೂ ಹೆಚ್ಚು ದೇಶಗಳು ಸೇರಿವೆ. ಭಾರತ 1960ರಲ್ಲಿ, ಅಮೆರಿಕ 1970ರಲ್ಲಿ, ನಮ್ಮ ಜಿಲ್ಲೆಯ ಮನೆಮನೆಯವರೂ ದುಡಿಯುವ ಯುಎಇ 2006ರಲ್ಲಿ ಸೇರಿತು. ಹಾಗಾಗಿ ಬೆಂಗಳೂರಿನಲ್ಲಿ ಆದ ತೀರ್ಪನ್ನು ಹಿಡಿದುಕೊಂಡು ದುಬೈಯ ಕೋರ್ಟಿಗೆ ಹೋಗಬಹುದು.

ಎಲ್ಲವೂ ನಿಂತಿರುವುದು ಆ ನಾಲ್ಕು ಸಾಲುಗಳ ಮೇಲೆ. ಮುಖ್ಯವಾದದ್ದು ‘ಸೀಟ್’, ಅಂದರೆ ಆರ್ಬಿಟ್ರೇಷನ್ ಯಾವ ಊರಿನದು ಎಂಬುದು. ಯಾವ ಊರಿನ ಹೆಸರು ಬರೆಯುತ್ತೇವೋ ಆ ದೇಶದ ಕೋರ್ಟಿಗೇ ತೀರ್ಪನ್ನು ಪ್ರಶ್ನಿಸುವ ಅಧಿಕಾರ. ಸೀಟ್ ಹೊರದೇಶದಲ್ಲಿದ್ದರೆ ನಮ್ಮ ಕೋರ್ಟುಗಳು ಆ ತೀರ್ಪನ್ನು ರದ್ದು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2012ರ ಬಾಲ್ಕೋ ಪ್ರಕರಣದಲ್ಲೇ ಹೇಳಿದೆ. ಹತ್ತಿಪ್ಪತ್ತು ಲಕ್ಷದ ವ್ಯವಹಾರಕ್ಕೆ ಲಂಡನ್, ಪ್ಯಾರಿಸ್ ಎಂದು ಬರೆದು, ಮೂವರು ಆರ್ಬಿಟ್ರೇಟರ್‌ಗಳಿಗೆ ಒಪ್ಪಿದರೆ ಅವರ ಫೀಸಿಗೇ ಸರಕಿನ ಬೆಲೆ ಸಾಲದು. ಬೆಂಗಳೂರು ಅಥವಾ ಕೊಚ್ಚಿ ಎಂದು ಬರೆಯಿಸಿ, ಒಬ್ಬರೇ ಸಾಕು ಎನ್ನಿ. ನಮ್ಮ ಕಾಯ್ದೆಯ 29ಬಿ ಸೆಕ್ಷನ್ನಿನಲ್ಲಿ, ಎರಡೂ ಕಡೆಯವರು ಒಪ್ಪಿದರೆ, ಕಾಗದಪತ್ರ ನೋಡಿಯೇ 6 ತಿಂಗಳಲ್ಲಿ ಮುಗಿಸುವ ದಾರಿ ಇದೆ. ಖರೀದಿದಾರ ಒಪ್ಪುತ್ತಾನೋ ಎಂದು ಹೆದರುವವರೇ ಹೆಚ್ಚು. ನಾನೂ ಹೆದರಿ ಕೇಳದೇ ಇದ್ದವನು. ಆಮೇಲಿನ ಮೂರು ಕರಾರುಗಳಲ್ಲಿ ಕೇಳಿದೆ, ಎರಡರಲ್ಲಿ ಬದಲಾಯಿಸಿಕೊಟ್ಟರು.

ರಫ್ತಿನ ತರಬೇತಿ ಶಿಬಿರಗಳಿಗೆ ನಾನು ಎರಡು ಸಲ ಹೋಗಿದ್ದೇನೆ. ಐಇಸಿ ನಂಬರ್, ಜಿಎಸ್‌ಟಿ ರೀಫಂಡ್, ಪ್ಯಾಕಿಂಗ್ ಎಲ್ಲ ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಹೇಳಿಕೊಟ್ಟರು. ಈ ಷರತ್ತಿನ ಬಗ್ಗೆ ಒಂದು ಮಾತೂ ಬರಲಿಲ್ಲ. ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ ಕಡೆಯಿಂದ ಬಂದ ಹೆಂಗಸರು ಪಕ್ಕದವರನ್ನು ‘ಎಂತ ಹೇಳಿದ್ದು?’ ಎಂದು ಕೇಳುತ್ತಿದ್ದರು. ಕನ್ನಡದವರು ಇಷ್ಟು ಜನ ಇರುವ ಈ ಜಿಲ್ಲೆಯಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರ ಒಂದು ಮಾದರಿ ಷರತ್ತನ್ನು, ನೋಟಿಸು ಬಂದರೆ ಮೊದಲ ವಾರದಲ್ಲಿ ಏನು ಮಾಡಬೇಕು ಎಂಬುದರ ಜೊತೆಗೆ, ಎರಡು ಪುಟದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲಿ ಎಂದು ನಿಮ್ಮ ಮೂಲಕ ಕೇಳಿಕೊಳ್ಳುತ್ತೇನೆ.

ಇನ್ನು ಪದದ ವಿಷಯ. ನಮ್ಮ ಊರಿನಲ್ಲಿ ‘ಪಂಚಾತಿಕೆ’ ಎಂಬ ಮಾತು ಎಲ್ಲರಿಗೂ ಗೊತ್ತು. ಜಾಗದ ಗಡಿ, ಪಾಲುಪಟ್ಟಿಯ ಜಗಳಕ್ಕೆ ಹಿರಿಯರು ಕೂತು ಎರಡೂ ಕಡೆ ಕೇಳಿ ಒಂದು ಮಾತು ಹೇಳಿದರೆ ಅದೇ ಕೊನೆ. ಆರ್ಬಿಟ್ರೇಷನ್‌ಗೆ ಅದು ಹೊಂದುತ್ತದೆ. ಅವಾರ್ಡ್‌ಗೆ, ಅಂದರೆ ಆರ್ಬಿಟ್ರೇಷನ್ ತೀರ್ಪಿಗೆ, ಕರ್ನಾಟಕದ ಕಚೇರಿಗಳಲ್ಲಿ ಭೂಸ್ವಾಧೀನದ ಕಾಗದದಲ್ಲಿ ಬಳಸುವ ‘ಐತೀರ್ಪು’ ಎಂಬ ಒಳ್ಳೆಯ ಪದವೇ ಇದೆ. ಮೀಡಿಯೇಷನ್ ‘ಸಂಧಾನ’ ಆಗಲಿ, ಒಪ್ಪದಿದ್ದರೆ ಎದ್ದು ಬರಬಹುದು ಎಂಬುದು ಅದರಲ್ಲಿ ತಾನಾಗಿ ಬರುತ್ತದೆ. ಬೇರೆ ಪದ ಸೂಚಿಸುವವರಿದ್ದರೆ ಸೂಚಿಸಲಿ. ಎರಡಕ್ಕೂ ಒಂದೇ ಪದ ಮಾತ್ರ ಬೇಡ.

ಹೋದ ವಾರ ಮುಳ್ಳೇರಿಯದ ಒಬ್ಬ ಹುಡುಗ ದುಬೈಯ ಖರೀದಿದಾರ ಕಳಿಸಿದ ಕರಾರು ಹಿಡಿದುಕೊಂಡು ನಮ್ಮ ಘಟಕಕ್ಕೆ ಬಂದಿದ್ದ. ಅದರಲ್ಲೂ ಆ ಸಾಲುಗಳಿದ್ದವು: ಪ್ಯಾರಿಸ್, ಮೂವರು. ‘ಮಧ್ಯಸ್ಥಿಕೆ ಅಲ್ವಾ ಅಣ್ಣ, ಅದು ತೊಂದರೆ ಇಲ್ಲ’ ಎಂದ. ನಾನು ಕಪಾಟಿನಿಂದ ನನ್ನ ನೋಟಿಸು ತೆಗೆದು ಅವನ ಮುಂದೆ ಇಟ್ಟೆ. ಓದಿ ಮುಗಿಸಿದವನು ಸಹಿ ಹಾಕದೆ, ಬದಲಾಯಿಸಿ ಕೊಡಿ ಎಂದು ಅಲ್ಲೇ ಕೂತು ಇಮೇಲ್ ಬರೆದ. ಉತ್ತರ ಇನ್ನೂ ಬಂದಿಲ್ಲ.

ಇತಿ,
ಹಾಳೆತಟ್ಟೆ ತಯಾರಕ
ಪೆರ್ಲ, ಕಾಸರಗೋಡು ಜಿಲ್ಲೆ