ಮಗಳಿಗೊಂದು ಪತ್ರ: ಆ ‘ಬದಲು’ ಅನ್ನೋ ಪದ

ಪುಟ್ಟಿ,

ನಿನ್ನ ಪ್ರಬಂಧ ಓದಿದೆ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಕಳ್ಳತನಕ್ಕೆ ಸಿಕ್ಕಿಬಿದ್ದ ಹುಡುಗರನ್ನು ‘ಜೈಲಿನ ಬದಲು ಸುಧಾರಣಾ ಶಾಲೆಗೆ’ ಕಳಿಸುತ್ತಿದ್ದರು ಅಂತ ಬರೆದಿದ್ದೀಯಲ್ಲ, ಅಲ್ಲಿ ತಪ್ಪಿದ್ದೀಯ. ಬದಲು ಅಲ್ಲ, ಜೈಲಾದ ಮೇಲೆ.

1854ರ ಕಾಯ್ದೆ ನೋಡು. ಹದಿನಾರರ ಒಳಗಿನವನ ಮೇಲೆ ಅಪರಾಧ ಸಾಬೀತಾದರೆ ಮೊದಲು ಕನಿಷ್ಠ 14 ದಿನ ಜೈಲು, ಅದು ಮುಗಿದ ಮೇಲೆ 2ರಿಂದ 5 ವರ್ಷ ಶಾಲೆ. 1866ರಲ್ಲಿ ಆ ಹದಿನಾಲ್ಕು ದಿನ ಹತ್ತಕ್ಕಿಳಿಯಿತು, ಅಷ್ಟೆ. ಮೊದಲಿನ ಈ ಜೈಲು ಪೂರ್ತಿ ತೊಲಗಿದ್ದು 1899ರಲ್ಲಿ. ಹಳೆಯ ದಾಖಲೆಯಲ್ಲಿ ‘10 ದಿನ, 5 ವರ್ಷ’ ಅಂತ ಕಂಡರೆ ಎರಡೂ ಒಂದೇ ತಪ್ಪಿಗೆ ಅಂತ ತಿಳಿ.

ಜೈಲಿನಲ್ಲಿ ಕೈಗೆ ಸಿಗುತ್ತಿದ್ದ ಕೆಲಸ ಓಕಮ್ ಬಿಡಿಸುವುದು. ಹಡಗಿನ ಹಳೇ ಹಗ್ಗ ಡಾಂಬರು ಕುಡಿದು ಕಟ್ಟಿಗೆಯ ಹಾಗೆ ಬಿರುಸಾಗಿರುತ್ತೆ. ಮೊದಲು ತುಂಡನ್ನು ಹೊಸೆದು ಹುರಿ ಸಡಿಲಿಸಬೇಕು, ಆಮೇಲೆ ಎಳೆ ಎಳೆಯಾಗಿ ಬೆರಳಲ್ಲೇ ಬಿಡಿಸುತ್ತಾ ಹೋಗಬೇಕು, ಬರೀ ನಾರು ಉಳಿಯುವ ತನಕ. ಬೆರಳ ತುದಿ ಒಡೆದು ರಕ್ತ ಬರುತ್ತೆ. ಆ ನಾರು ಮತ್ತೆ ಹಡಗಿಗೇ ಹೋಗುತ್ತಿತ್ತು: ನೀರು ನುಗ್ಗದ ಹಾಗೆ ಹಲಗೆಗಳ ಸಂದಿಗೆ ಬಡಿದು ತುಂಬಲಿಕ್ಕೆ.

ಇಂಥ ಶಾಲೆಗಳಿಗಾಗಿ ಹೋರಾಡಿದ ಮೇರಿ ಕಾರ್ಪೆಂಟರ್‌ಗೆ ಈ ಜೈಲಿನ ಷರತ್ತು ಬೇಡವಾಗಿತ್ತು. ಶಾಲೆಗಳ ಮೊದಲ ಇನ್‌ಸ್ಪೆಕ್ಟರ್ ಸಿಡ್ನಿ ಟರ್ನರ್‌ಗೆ ಬೇಕಿತ್ತು. ದಶಕಗಳ ಕಾಲ ಗೆದ್ದದ್ದು ಟರ್ನರ್ ಪಕ್ಷವೇ.

ಶಾಲೆಯಲ್ಲಿ ಓದು ಕಮ್ಮಿ, ದುಡಿಮೆ ಜಾಸ್ತಿ. 1849ರಲ್ಲಿ ಶುರುವಾದ ಇಂಥ ಶಾಲೆ ರೆಡ್‌ಹಿಲ್‌ನಲ್ಲಿ ಹುಡುಗರನ್ನು ಬೇರೆ ಬೇರೆ ಮನೆಗಳಲ್ಲಿಟ್ಟು, ಮನೆಗೊಬ್ಬ ಮೇಷ್ಟರನ್ನು ಹಾಕಿ, ಹೊಲ ಅಗೆಸುತ್ತಿದ್ದರು, ಇಟ್ಟಿಗೆ ಮಾಡಿಸುತ್ತಿದ್ದರು. ಅವಧಿ ಮುಗಿಯುವ ಮೊದಲೇ ಒಳ್ಳೆಯವನೊಬ್ಬನ ಮನೆಗೆ ಲೈಸೆನ್ಸ್, ಅಂದರೆ ಪರವಾನಗಿ, ಮೇಲೆ ಬಿಡಬಹುದಿತ್ತು. ಮೂರು ತಿಂಗಳಿಗೊಮ್ಮೆ ಅದನ್ನು ಹೊಸದು ಮಾಡಿಸಬೇಕು. ಎಡವಟ್ಟು ಆಗುತ್ತಿದ್ದದ್ದು ಇಲ್ಲೇ. ಸರ್ಕಾರದ ಹಣ ತಲೆ ಲೆಕ್ಕದ ಮೇಲೆ ಬರುತ್ತಿತ್ತು. ಮೇಲಾಗಿ ಕೆಲಸ ಕಲಿತ ದೊಡ್ಡ ಹುಡುಗನ ದುಡಿಮೆಯೂ ಶಾಲೆಗೆ ಆದಾಯ. ಅಂಥವನನ್ನು ಬೇಗ ಬಿಡಲು ಯಾರಿಗೆ ಮನಸ್ಸು ಬರುತ್ತೆ? ಸಾಲದ್ದಕ್ಕೆ ಹೆತ್ತವರಿಂದ ವಾರಕ್ಕೆ 5 ಶಿಲಿಂಗ್‌ವರೆಗೆ ವಸೂಲಿ ಮಾಡಲು ಅವಕಾಶವಿತ್ತು. ಓಡಿಹೋಗಿ ಸಿಕ್ಕಿಬಿದ್ದವನಿಗೆ ಮತ್ತೆ ಜೈಲು, ಮತ್ತೆ ಶಾಲೆ.

ಶಾಲೆ ಅಂದರೆ ಕಟ್ಟಡವೇ ಇರಬೇಕೆಂದಿಲ್ಲ. ಲಿವರ್‌ಪೂಲ್ ಬಳಿ ಮರ್ಸಿ ನದಿಯಲ್ಲಿ ಲಂಗರು ಹಾಕಿದ್ದ ಹಡಗುಗಳೇ ಶಾಲೆಗಳಾಗಿದ್ದವು: ‘ಅಕ್ಬರ್’ (ಹೌದು, ನಮ್ಮ ಬಾದಷಹನ ಹೆಸರೇ!) ಪ್ರಾಟೆಸ್ಟೆಂಟ್ ಹುಡುಗರದ್ದು, ‘ಕ್ಲಾರೆನ್ಸ್’ ಕ್ಯಾಥೊಲಿಕರದ್ದು. 1884ರಲ್ಲಿ ಕ್ಲಾರೆನ್ಸ್‌ಗೆ ಹುಡುಗರೇ ಬೆಂಕಿಯಿಟ್ಟರು. 1887ರಲ್ಲಿ ಅಕ್ಬರ್‌ನಲ್ಲಿ ದಂಗೆಯೆದ್ದರು. ಇದನ್ನು ನಿನ್ನ ಪ್ರಬಂಧಕ್ಕೆ ಸೇರಿಸು.

ಇನ್ನೊಂದು ಮಾತು. ಕಾರ್ಪೆಂಟರ್ 1866ರಲ್ಲಿ ಭಾರತಕ್ಕೂ ಬಂದು ಇಲ್ಲೂ ಇಂಥ ಶಾಲೆ ಬೇಕೆಂದು ಒತ್ತಾಯಿಸಿದ್ದರು. ಇಲ್ಲಿನ 1897ರ ಕಾಯ್ದೆಯಲ್ಲಿ ಹದಿನೈದರ ಒಳಗಿನವನಿಗೆ ಜೈಲುಶಿಕ್ಷೆಯ ಬದಲು 3ರಿಂದ 7 ವರ್ಷ ಶಾಲೆ. ಅಲ್ಲಿಗೆ ಬಂದಾಗ ನಿನ್ನ ‘ಬದಲು’ ಹಾಗೇ ಇರಲಿ.

ನಿನ್ನ ಅಪ್ಪ